ಹತ್ತೊಂಬತ್ತು ಸೆಕೆಂಡು, ಒಂದು ತಟ್ಟೆ ರವೆ ಉಂಡೆ

ಗೋಥೆನ್‌ಬರ್ಗಿನಲ್ಲಿ ನಡೆಸಿದ ಮೊದಲ ಗುಂಪು ಚರ್ಚೆಯ ಧ್ವನಿಮುದ್ರಣವನ್ನೆಲ್ಲ ಅಕ್ಷರಕ್ಕಿಳಿಸಿ ಮುಗಿಸಿದಾಗ ನನ್ನ ಕೈಗೆ ಸಿಕ್ಕಿದ್ದು ಇಪ್ಪತ್ತೆರಡು ಪುಟ ಸೌಜನ್ಯ. ಎಂಟು ಜನ ಒಂದೂವರೆ ಗಂಟೆ ಕೂತು ಮಾತಾಡಿದ್ದರು. ಒಬ್ಬರೂ ಇನ್ನೊಬ್ಬರ ಮಾತನ್ನು ತುಂಡರಿಸಿರಲಿಲ್ಲ. "ಹೊಸ ದೇಶಗಳು ಒಕ್ಕೂಟಕ್ಕೆ ಸೇರುವುದರ ಬಗ್ಗೆ ಏನನ್ನಿಸುತ್ತದೆ?" ಎಂದು ಕೇಳಿದ್ದಕ್ಕೆ ಎಂಟೂ ಜನ ಎಡದಿಂದ ಬಲಕ್ಕೆ ಸರದಿಯಂತೆ ಒಂದೇ ಉತ್ತರ ಕೊಟ್ಟಿದ್ದರು: ಖಂಡಿತ ಬರಲಿ, ಆದರೆ ಷರತ್ತುಗಳನ್ನು ಪೂರೈಸಿರಬೇಕು. ಎಂಟನೆಯವರಂತೂ "ಎಲ್ಲ ಹೇಳಿಯಾಗಿದೆ, ನನಗೆ ಸೇರಿಸಲು ಏನೂ ಇಲ್ಲ" ಎಂದು ಕ್ಷಮೆ ಕೇಳಿದ್ದರು.

ನನ್ನ ಕೆಲಸ ಏನೆಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅರಸೀಕೆರೆಯ ನಮ್ಮ ನೆಂಟರಲ್ಲಿ ಅರ್ಧ ಜನ ನಾನು ಸ್ವೀಡನ್ನಿನಲ್ಲಿ ವೋಟು ಎಣಿಸುತ್ತೇನೆ ಎಂದು ನಂಬಿದ್ದಾರೆ. ನಾನು ಸ್ಟಾಕ್‌ಹೋಮಿನ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ಯುರೋಪಿನ ಒಕ್ಕೂಟದ ಬಾಗಿಲಲ್ಲಿ ಈಗ ಉಕ್ರೇನ್, ಮಾಲ್ಡೋವಾ, ಬಾಲ್ಕನ್ ಕಡೆಯ ಸಣ್ಣ ಸಣ್ಣ ದೇಶಗಳೆಲ್ಲ ಸಾಲುಗಟ್ಟಿ ನಿಂತಿವೆ. ಅವನ್ನು ಒಳಗೆ ಬಿಡಬೇಕೋ ಬೇಡವೋ ಎಂಬುದನ್ನು ದೊಡ್ಡವರು ದೊಡ್ಡ ಕಟ್ಟಡಗಳಲ್ಲಿ ತೀರ್ಮಾನಿಸುತ್ತಾರೆ. ನಾನು ನೋಡುವುದು ಅದನ್ನಲ್ಲ. ಈಗಾಗಲೇ ಒಳಗಿರುವ ಸಾಮಾನ್ಯ ಜನ "ನಮ್ಮವರು" ಎನ್ನುವಾಗ ಗೆರೆ ಎಲ್ಲಿ ಎಳೆಯುತ್ತಾರೆ, ಆ ಗೆರೆ ಯಾರ ಮಾತಿಗೆ ಆಚೆ ಸರಿಯುತ್ತದೆ, ಅದು ನನ್ನ ಪ್ರಶ್ನೆ. ಇಂಥದ್ದು ಪ್ರಶ್ನಾವಳಿಯಲ್ಲಿ ಹೌದು, ಇಲ್ಲ ಎಂದು ಗುರುತು ಹಾಕಿಸಿದರೆ ಸಿಗುವುದಿಲ್ಲ. ಜನ ಜನರ ಜೊತೆ ಮಾತಿಗೆ ಬೀಳಬೇಕು, ಸ್ವಲ್ಪ ಜಗಳವಾಡಬೇಕು. ಹಾಗಾಗಿ ಮೂರು ಊರು, ಊರಿಗೊಂದು ಗುಂಪು, ಗುಂಪಿಗೆ ಎಂಟು ಜನ. ಒಂದೇ ಪ್ರಶ್ನೆಪಟ್ಟಿ, ಒಂದೇ ಅನುಕ್ರಮ, ಒಂದೇ ಭೂಪಟ. ಆ ಪಟ್ಟಿಗೆ ಒಪ್ಪಿಗೆ ಸಿಗುವುದಕ್ಕೇ ಒಂದು ಚಳಿಗಾಲ ಕಳೆದಿತ್ತು.

ನನ್ನ ಕೆಲಸದ ಒಪ್ಪಂದ ಆ ವರ್ಷದ ಕೊನೆಗೆ ಮುಗಿಯುವುದಿತ್ತು. ನನ್ನ ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯ ಪೂರ್ತಿ ನಿಂತಿದ್ದುದು ಈ ಮೂರು ಚರ್ಚೆಗಳ ಮೇಲೆ.

ಒಂದು ಭಾನುವಾರ ಬೆಳಗ್ಗೆ ಸ್ಟಾಕ್‌ಹೋಮಿಗೆ ಅಂಟಿಕೊಂಡ ಸೋಲ್ನಾದ ನಮ್ಮ ಮನೆಯಲ್ಲಿ ಧ್ವನಿಮುದ್ರಣವನ್ನು ಮತ್ತೊಮ್ಮೆ ಹಾಕಿಕೊಂಡು ಕೂತಿದ್ದೆ. ಐಟಿ ಕಂಪನಿಯಲ್ಲಿ ಕೆಲಸ ಮಾಡುವ ನನ್ನ ಗಂಡ ದೋಸೆ ಹುಯ್ಯುತ್ತ ಕಿವಿ ಇತ್ತ ಕೊಟ್ಟಿದ್ದ. ಹತ್ತು ನಿಮಿಷ ಕೇಳಿ ಸೌಟು ಹಿಡಿದುಕೊಂಡೇ ಬಂದ.

"ಏನೇ ಇದು, ಡಿಸ್ಕಷನ್ ನಡೆಸ್ತಿದ್ಯೋ, ಪಂಕ್ತೀಲಿ ಬಡಿಸ್ತಿದ್ಯೋ?"

"ಯಾಕೋ?"

"ರಿವೈಂಡ್ ಮಾಡು. ಅಲ್ಲಿ ಆ ಹೆಂಗಸು 'ಆದರೆ ನನಗೆ ನಿಜವಾಗಿ...' ಅಂದ್ಳು. ಆಮೇಲೆ ಸುಮ್ನಾದ್ಳು. ತಕ್ಷಣ ನೀನು 'ತಗೊಳ್ಳಿ, ಇನ್ನೊಂದು ತಗೊಳ್ಳಿ' ಅಂದೆ. ಅವ್ಳು ಥ್ಯಾಂಕ್ಸ್ ಅಂದ್ಳು. ಅಷ್ಟೇ, ಟಾಪಿಕ್ ಕ್ಲೋಸ್. ಆಮೇಲೆ ಬರೀ ಕಟುಂ ಕುಟುಂ."

ಆ ಕಟುಂ ಕುಟುಂ ಕೋಡುಬಳೆಯದ್ದು. ಇಲ್ಲಿ ಯಾವ ಸಭೆಯೂ ಫಿಕಾ ಇಲ್ಲದೆ ನಡೆಯುವುದಿಲ್ಲ. ಫಿಕಾ ಎಂದರೆ ಕಾಫಿ, ಜೊತೆಗೆ ಏನಾದರೊಂದು ತಿಂಡಿ. ಅಂಗಡಿಯ ಬನ್ನು ತರುವ ಬದಲು ಎರಡು ಡಬ್ಬ ಕೋಡುಬಳೆ ಕರಿದುಕೊಂಡು ಹೋಗಿದ್ದೆ. ಅದಕ್ಕೂ ಮಿಗಿಲಾಗಿ, ಮನೆಗೆ ಬಂದವರ ತಟ್ಟೆ ಖಾಲಿ ಕಾಣಬಾರದು, ಬೇಡ ಎಂದವರಿಗೂ ಎರಡು ಸಲ ಹೇಳಬೇಕು ಎಂಬ ಪಾಠವನ್ನು ಜೊತೆಗೇ ಒಯ್ದಿದ್ದೆ. ಪೆನ್ನು ಹಿಡಿದು ಲೆಕ್ಕ ಹಾಕಿದೆ. ಆ ಮುದ್ರಣದಲ್ಲಿ ನಾನು ಹದಿನಾಲ್ಕು ಸಲ ಉಪಚಾರ ಮಾಡಿದ್ದೆ. ಹದಿನಾಲ್ಕೂ ಸಲ ಯಾರೋ ಒಬ್ಬರು ಮಾತು ನಿಲ್ಲಿಸಿ ಯೋಚಿಸುತ್ತಿದ್ದ ಹೊತ್ತಿಗೆ. ನಮ್ಮಲ್ಲಿ ಎಂಟು ಜನ ಕೂತ ಕೋಣೆಯಲ್ಲಿ ಐದು ಸೆಕೆಂಡು ಮೌನವೆಂದರೆ ಯಾರಿಗೋ ಬೇಸರವಾಗಿದೆ ಎಂದರ್ಥ. ಇಲ್ಲಿ ಮೌನ ಮಾತಿನ ಅರ್ಧ ಭಾಗ. ಸ್ವೀಡಿಷ್ ಜನ ಮನಸ್ಸಿನ ಮಾತನ್ನು ಹೇಳುವ ಮುಂಚೆ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗಿ ಅದನ್ನು ಹೊತ್ತು ತರುತ್ತಾರೆ. ನಾನು ಪ್ರತಿ ಸಲವೂ ಅವರನ್ನು ಅರ್ಧ ಮೆಟ್ಟಿಲಲ್ಲೇ ತಡೆದು ಕೋಡುಬಳೆ ಕೊಟ್ಟು ವಾಪಸ್ ಕಳಿಸಿದ್ದೆ. ಅತಿಯಾದರೆ ಅಮೃತವೂ ವಿಷವೆನ್ನುವುದು ಸುಳ್ಳಲ್ಲ.

ಮಾರ್ಗದರ್ಶಕಿಗೆ ಆ ಇಪ್ಪತ್ತೆರಡು ಪುಟ ಕಳಿಸಿದೆ. ಅವರು ಮಿತಭಾಷಿ. ಓದಿ "ಸ್ವಾರಸ್ಯಕರ" ಎಂದರು. ನಮ್ಮ ವಿಭಾಗದಲ್ಲಿ ಅದಕ್ಕಿಂತ ಕಠಿಣವಾದ ಟೀಕೆ ಇಲ್ಲ. "ಚೆನ್ನಾಗಿಲ್ಲ" ಎಂದರೆ ತಿದ್ದಬಹುದು, "ಸ್ವಾರಸ್ಯಕರ" ಎಂದರೆ ಹೂತುಬಿಡಬಹುದು ಎಂದರ್ಥ.

ಎರಡನೆಯ ಚರ್ಚೆ ಸೋಲ್ನಾದಲ್ಲೇ. ಮೊದಲಿನ ತಪ್ಪನ್ನು ತಿದ್ದಿಕೊಳ್ಳುವ ಹಟದಲ್ಲಿ ನಾನು ಆ ಕಡೆಯ ತುದಿಗೇ ಹೋದೆ. ತಿಂಡಿ ಇಲ್ಲ, ಕಾಫಿ ಇಲ್ಲ. ಮೇಜಿನ ಮೇಲೆ ಎರಡು ರೆಕಾರ್ಡರು, ನೀರಿನ ಹೂಜಿ, ಭೂಪಟ. ಬಾಯಿ ತೆರೆಯದೆ ಕೂರುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಬೇರೆ ಮಾಡಿಕೊಂಡು ಹೋಗಿದ್ದೆ. ಬಂದವರು ಸುತ್ತಮುತ್ತಲಿನ ಕಚೇರಿಗಳ ಉದ್ಯೋಗಸ್ಥರು. ಕಾಫಿ ಇಲ್ಲದ ಮೇಜನ್ನು ಅವರು ವೈದ್ಯರ ಕೋಣೆಯನ್ನು ನೋಡುವಂತೆ ನೋಡಿದರು. ಪ್ರಶ್ನೆ ಕೇಳಿದರೆ ವರದಿಯ ಭಾಷೆಯಲ್ಲಿ ಉತ್ತರ ಬರುತ್ತಿತ್ತು. ಮೌನವೇನೋ ಬೇಕಾದಷ್ಟಿತ್ತು, ಆದರೆ ಅದು ಯೋಚನೆಯ ಮೌನವಲ್ಲ, ಯಾವಾಗ ಮುಗಿಯುತ್ತದೆ ಎಂದು ಕಾಯುವ ಮೌನ. ಐವತ್ತು ನಿಮಿಷಕ್ಕೆ ಎಲ್ಲರೂ ಕೋಟು ಹಾಕಿಕೊಂಡರು. ಹೋಗುವಾಗ ಒಬ್ಬಾತ ಬಹಳ ಮೆತ್ತಗೆ ಕೇಳಿದ: "ಈ ಪರೀಕ್ಷೆಯ ಫಲಿತಾಂಶ ನಮಗೂ ತಿಳಿಸುತ್ತೀರಾ?"

ಈ ಸಲ ಮಾರ್ಗದರ್ಶಕಿ ಸ್ವಾರಸ್ಯಕರ ಎಂದೂ ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ಇನ್ನೊಂದಿದೆಯಲ್ಲ, ಸ್ಯಾಂಡ್‌ವಿಕೆನ್. ಅದನ್ನು ಮುಗಿಸಿ ಬಾ. ಅದೂ ಹೀಗೇ ಆದರೆ ಈ ಅಧ್ಯಾಯವನ್ನು ಕೈಬಿಡೋಣ. ವಿಭಾಗದ ಹಳೆಯ ಸಮೀಕ್ಷೆಯ ಅಂಕಿಅಂಶಗಳಿವೆ, ಅದರ ಮೇಲೆ ಏನಾದರೂ ಬರೆಯಬಹುದು."

ಅಂಕಿಅಂಶ ಕೆಟ್ಟದ್ದೇನಲ್ಲ. ಆದರೆ ಅದು ಬೇರೆ ಯಾರೋ ಕೇಳಿದ ಪ್ರಶ್ನೆ, ಬೇರೆ ಯಾರೋ ಕೂಡಿಹಾಕಿದ ಉತ್ತರ. ನಾನು ಇಷ್ಟು ದೂರ ಬಂದು ಸ್ವೀಡಿಷ್ ಕಲಿತದ್ದೇ ಜನರ ಬಾಯಿಂದ ಕೇಳಬೇಕೆಂದು. ಈ ಅಧ್ಯಾಯ ಹೋದರೆ ಪ್ರಬಂಧ ಹೇಗೋ ಪಾಸಾದೀತು, ನನ್ನದು ಎನ್ನುವಂಥದ್ದು ಅದರಲ್ಲಿ ಏನೂ ಉಳಿಯುತ್ತಿರಲಿಲ್ಲ. ಅವತ್ತು ಮನೆಗೆ ಬಂದವಳೇ ಗಂಡನಿಗೆ ಎಲ್ಲವನ್ನೂ ಹೇಳಿದೆ.

ಗಂಡ ಸಮಾಧಾನ ಹೇಳುವ ಬದಲು ತಿಂಡಿಯ ವಿಷಯಕ್ಕೆ ಬಂದ. "ಫುಡ್ ಇರ್ಲಿ ಕಣೇ. ಆದ್ರೆ ಸೌಂಡ್ ಮಾಡದೆ ಇರೋ ಐಟಂ ಮಾಡು. ಮತ್ತೆ ನೀನು ಮುಟ್ಬೇಡ. ಸೆಲ್ಫ್ ಸರ್ವಿಸ್."

ಹಾಗೆ ರವೆ ಉಂಡೆ ತೀರ್ಮಾನವಾಯಿತು. ಮೆತ್ತಗೆ, ಒಂದೇ ಬಾಯಿಗೆ ಆಗುವಷ್ಟು, ಸದ್ದಿಲ್ಲದ್ದು.

ಸ್ಯಾಂಡ್‌ವಿಕೆನ್ ಸ್ಟಾಕ್‌ಹೋಮಿನಿಂದ ಉತ್ತರಕ್ಕೆ ಎರಡು ಗಂಟೆಯ ದಾರಿಯ ಉಕ್ಕಿನ ಊರು. ಅಲ್ಲಿನ ಒಂದು ಬಾಡಿಗೆ ಮನೆಗಳ ಬಡಾವಣೆಯಲ್ಲಿ ಎಂಟು ಜನರನ್ನು ಗೊತ್ತುಮಾಡಿಕೊಂಡು, ಊರಿನ ಗ್ರಂಥಾಲಯದ ಕೋಣೆಯನ್ನು ಕಾಯ್ದಿರಿಸಿದ್ದೆ. ಯೆವ್ಲೆಯಲ್ಲಿ ರೈಲು ಬದಲಿಸುವಾಗ ಗ್ರಂಥಾಲಯದಿಂದ ಸಂದೇಶ ಬಂತು: ಆ ಕೋಣೆಯನ್ನು ತಪ್ಪಿ ಇಬ್ಬರಿಗೆ ಕೊಟ್ಟಿದ್ದೇವೆ, ಮೊದಲು ಕೇಳಿದವರು ಹೊಲಿಗೆ ಸಂಘದವರು, ಕ್ಷಮಿಸಿ. ಪ್ಲಾಟ್‌ಫಾರಮ್ಮಿನಲ್ಲಿ ರವೆ ಉಂಡೆಯ ಡಬ್ಬ ಹಿಡಿದು ನಿಂತವಳಿಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಿದ್ದ ಹೆಂಗಸಿಗೆ ಫೋನ್ ಮಾಡಿದೆ. ಆಕೆ ದಾದಿ. ಮನೆ ಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಹುಟ್ಟಿದ್ದು ಉತ್ತರ ಮ್ಯಾಸಿಡೋನಿಯಾದಲ್ಲಿ, ಈ ಊರಿಗೆ ಬಂದು ಮೂವತ್ತು ವರ್ಷ.

"ಅಷ್ಟೇನಾ? ನಮ್ಮ ಕಟ್ಟಡದ ಕೆಳಗೆ ಒಂದು ಕೋಣೆ ಇದೆ, ಕೀಲಿ ನನ್ನ ಹತ್ರಾನೇ ಇರೋದು. ಎಲ್ಲರಿಗೂ ನಾನೇ ಹೇಳ್ತೀನಿ, ನೀವು ಬನ್ನಿ" ಎಂದರು. ಸ್ವೀಡಿಷ್ ಭಾಷೆಯಲ್ಲಿ ಎಲ್ಲರಿಗೂ ಏಕವಚನವೇ. ಆದರೆ ವಯಸ್ಸಿನಲ್ಲಿ ಹಿರಿಯರ ಮಾತನ್ನು ಕನ್ನಡದಲ್ಲಿ ಬರೆಯುವಾಗ ನನ್ನ ಕೈ ತಾನಾಗಿ ಬಹುವಚನಕ್ಕೆ ಹೋಗುತ್ತದೆ, ಇರಲಿ.

ಆ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ, ಕಟ್ಟಡದವರೆಲ್ಲ ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ. ಈ ದೇಶದ ಬಾಡಿಗೆ ಕಟ್ಟಡಗಳಲ್ಲಿ ಮನೆಗೊಂದು ವಾಷಿಂಗ್ ಮಷೀನ್ ಇರುವುದು ಕಡಿಮೆ. ಕೆಳಗೆ ಎಲ್ಲರಿಗೂ ಸೇರಿ ಒಂದು ಕೋಣೆ, ಅದರ ಹೊರಗೆ ಗೋಡೆಯ ಮೇಲೆ ಒಂದು ಹಲಗೆ. ತಿಂಗಳ ಒಂದೊಂದು ದಿನಕ್ಕೂ ಒಂದು ಸಾಲು, ಸಾಲಿನಲ್ಲಿ ಹೊತ್ತಿಗೊಂದರಂತೆ ನಾಲ್ಕು ತೂತು. ಪ್ರತಿ ಮನೆಗೂ ಮನೆಯ ನಂಬರು ಕೊರೆದ ಬೆರಳುದ್ದದ ಬೀಗವೊಂದಿರುತ್ತದೆ. ನಿಮಗೆ ಬೇಕಾದ ತೂತಿಗೆ ಅದನ್ನು ಸಿಕ್ಕಿಸಿ ಕೀಲಿ ತಿರುಗಿಸಿದರೆ ಆ ದಿನದ ಆ ಹೊತ್ತು ನಿಮ್ಮದು, ರಾಜ ಬಂದರೂ ನಿಮ್ಮನ್ನು ಎಬ್ಬಿಸುವಂತಿಲ್ಲ. ನಾನು ಬಂದ ಹೊಸತರಲ್ಲಿ ನಮ್ಮ ಕಟ್ಟಡದಲ್ಲಿ ಇನ್ನೊಬ್ಬರ ಹೊತ್ತಿನ ಹತ್ತು ನಿಮಿಷ ತಿಂದಿದ್ದೆ. ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಮೂರು ಆಶ್ಚರ್ಯಸೂಚಕ ಚಿಹ್ನೆ ಇದ್ದವು. ಈ ಜನ ದನಿ ಎತ್ತಿ ಬರೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ರೆಕಾರ್ಡರು ಜೋಡಿಸಿ, ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿಸಿಕೊಂಡು, ಉಂಡೆಯ ತಟ್ಟೆಯನ್ನು ಮೇಜಿನ ನಡುವೆ ಇಟ್ಟು ತಲೆ ಎತ್ತಿದರೆ ನನ್ನ ಎಂಟು ಜನರಲ್ಲಿ ಒಬ್ಬರೂ ಕುರ್ಚಿಯಲ್ಲಿಲ್ಲ. ಎಲ್ಲರೂ ಆ ಹಲಗೆಯ ಮುಂದೆ ಗುಂಪುಕಟ್ಟಿದ್ದರು. ಅವತ್ತು ಬೆಳಗ್ಗೆಯಷ್ಟೇ ಅಲ್ಲೊಂದು ನೋಟೀಸು ಅಂಟಿಸಿದ್ದರಂತೆ: ರಸ್ತೆಯಾಚೆಯ ಮೂರು ಕಟ್ಟಡಗಳ ಒಗೆಯುವ ಕೋಣೆಯನ್ನು ಮುಚ್ಚಿ ಆ ಮನೆಯವರನ್ನೂ ಇದೇ ಕೋಣೆಗೆ ಸೇರಿಸುವ ಆಲೋಚನೆಯಿದೆ, ನಿವಾಸಿಗಳು ತಮ್ಮ ಅಭಿಪ್ರಾಯ ತಿಳಿಸಬಹುದು.

"ಇರೋದು ನಾಲ್ಕೇ ಮಷೀನು!" ಎಂದರು ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರು. ಎತ್ತರದ ಆಳು, ಬಾಗಿಲಗಲದ ಭುಜ. "ಆ ಕಡೆಯವರು ಸೋಪಿನ ಪುಡೀನ ಕೈಯಲ್ಲಿ ಅಂದಾಜಿಗೆ ಸುರೀತಾರೆ. ನಾನೇ ನೋಡಿದೀನಿ."

"ಸುರಿದ್ರೆ ಸುರೀಲಿ. ಮನುಷ್ಯರಲ್ವಾ ಅವ್ರೂ?" ಎಂದರು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಂಗಸು.

"ಮನುಷ್ಯರೇ. ಆದ್ರೆ ಒಣಗಿಸೋ ಮಷೀನಿನ ಜಾಲರಿ ತೆಗೆದು ಕ್ಲೀನ್ ಮಾಡಲ್ಲ" ಎಂದರು ದಾದಿ.

ನಾನು ಕಾಗದ ಹಿಡಿದು ನಿಂತಲ್ಲೇ ನಿಂತೆ. ಹಿಂದಿನ ಎರಡು ಊರಿನಲ್ಲಿ ಹದಿನಾರು ಜನ ಸೇರಿ ಆಡದಿದ್ದ ಮಾತನ್ನು ಇವರು ಎರಡು ನಿಮಿಷದಲ್ಲಿ ಆಡಿ ಮುಗಿಸಿದ್ದರು. ನಾವು, ಅವರು, ಈ ಕಡೆ, ಆ ಕಡೆ, ಮೊದಲಿಂದ ಇದ್ದವರು, ಈಗ ಬರುವವರು. ನಾನು ಒಂದು ವರ್ಷದಿಂದ ಹುಡುಕುತ್ತಿದ್ದ ಗೆರೆ ನನ್ನ ಕಣ್ಣೆದುರಿನ ಒಂದು ಹಲಗೆಯ ಮೇಲಿತ್ತು. ಎಂಟೂ ಜನ ಒಬ್ಬರ ಮಾತಿನಲ್ಲಿ ಒಬ್ಬರು ತಲೆ ಹಾಕುತ್ತಿದ್ದರು. ಅರಸೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಷ್ಟು ಖುಷಿಯಾಯಿತು.

ಆದರೆ ಅತ್ತ ದರಿ, ಇತ್ತ ಪುಲಿ. ಅವರನ್ನು ಕರೆದು ಕೂರಿಸಿ ಒಪ್ಪಿಗೆಯಾದ ಪಟ್ಟಿಯ ಮೊದಲ ಪ್ರಶ್ನೆ ಕೇಳಿದರೆ ಮತ್ತೆ ಇಪ್ಪತ್ತೆರಡು ಪುಟ ಸೌಜನ್ಯ ಸಿಗುತ್ತದೆ. ಪಟ್ಟಿ ಬಿಟ್ಟರೆ ಈ ಚರ್ಚೆಯನ್ನು ಉಳಿದೆರಡರ ಪಕ್ಕ ಇಟ್ಟು ತೂಗುವಂತಿಲ್ಲ. ಮೂರೂ ಊರಿಗೆ ಒಂದೇ ಅನುಕ್ರಮ ಎಂದು ಬರೆದುಕೊಟ್ಟವಳು ನಾನೇ. ಮಾರ್ಗದರ್ಶಕಿ ಇಡೀ ಮುದ್ರಣವನ್ನು ಪಕ್ಕಕ್ಕಿಟ್ಟರೆ ನನಗೆ ವಾದಿಸಲು ಬಾಯಿರುತ್ತಿರಲಿಲ್ಲ. ಎರಡೂ ದಾರಿಯಲ್ಲಿ ಅಧ್ಯಾಯ ಹೋಗುವುದೇ ಆದರೆ, ಕಡೇ ಪಕ್ಷ ನಾನು ಕೇಳಲು ಬಂದದ್ದನ್ನಾದರೂ ಕೇಳಿಸಿಕೊಳ್ಳೋಣ ಎನಿಸಿತು. ಭೂಪಟವನ್ನು ಸುತ್ತಿ ಚೀಲಕ್ಕೆ ಹಾಕಿದೆ. ಪ್ರಶ್ನೆಪಟ್ಟಿಯನ್ನು ತಟ್ಟೆಯ ಕೆಳಗೆ ಸರಿಸಿದೆ.

"ರೆಕಾರ್ಡರು ಹಾಕ್ತೀನಿ. ಇದೇ ಮಾತು ಕೂತುಕೊಂಡು ಆಡ್ತೀರಾ?" ಎಂದೆ. "ಆ ಮೂರು ಕಟ್ಟಡದವರನ್ನ ಸೇರಿಸಿಕೊಳ್ಳಬೇಕಾ?"

ಮುಂದಿನ ಮುಕ್ಕಾಲು ಗಂಟೆ ನಾನು ಬಾಯಿ ತೆರೆದದ್ದು ನಾಲ್ಕೇ ಸಲ. ದಾದಿಯೇ ಆ ಒಗೆಯುವ ಕೋಣೆಯ ಉಸ್ತುವಾರಿ ಎಂದು ಆಗ ಗೊತ್ತಾಯಿತು. ನಿಯಮಗಳ ವಿಷಯದಲ್ಲಿ ಆಕೆಯಷ್ಟು ಖಡಕ್ ಆದವರು ಆ ಮೇಜಿನಲ್ಲಿ ಇನ್ನೊಬ್ಬರಿರಲಿಲ್ಲ. ಹೊಸಬರಿಗೆ ಮೊದಲ ಮೂರು ತಿಂಗಳು ವಾರದ ದಿನಗಳ ಬೆಳಗಿನ ಹೊತ್ತು ಮಾತ್ರ. ಜಾಲರಿ ತೆಗೆದು ಒರೆಸಬೇಕು, ನೆಲ ಒರೆಸಬೇಕು, ಹೊತ್ತು ಮುಗಿಯುವ ಐದು ನಿಮಿಷ ಮುಂಚೆ ಹೊರಡಬೇಕು. ತಪ್ಪಿದರೆ ಈ ಪರೀಕ್ಷೆಯ ಅವಧಿ ಇನ್ನೊಂದು ತಿಂಗಳು ಮುಂದಕ್ಕೆ. ಉಕ್ಕಿನವರು ಮೂರು ತಿಂಗಳು ಸಾಲದು, ಆರು ಬೇಕು ಎಂದರು.

"ಪಾಸಾದ್ರೋ ಫೇಲಾದ್ರೋ ಅಂತ ಹೇಳೋದು ಯಾರು?" ಅಡುಗೆಮನೆಯವರು ಕೇಳಿದರು.

"ನಾವು" ಎಂದರು ದಾದಿ.

"ನಮ್ಮಪ್ಪ ಫಿನ್ಲೆಂಡಿಂದ ಈ ಕಾರ್ಖಾನೆಗೆ ಬಂದಾಗ ಇದೇ ಕೋಣೆ ಇತ್ತು. ಬಂದ ಮರುದಿನವೇ ಬೀಗ ಕೊಟ್ರಂತೆ. ಪರೀಕ್ಷೆ ಗಿರೀಕ್ಷೆ ಏನೂ ಇರ್ಲಿಲ್ಲ" ಎಂದರು ಅಡುಗೆಮನೆಯವರು.

"ಅವಾಗ ಜನ ಕಮ್ಮಿ" ಎಂದರು ಉಕ್ಕಿನವರು. ಆಮೇಲೆ ಅವರಿಗೇ ಆ ಮಾತು ಅಷ್ಟು ಸರಿಬರಲಿಲ್ಲವೇನೋ, ಒಂದು ರವೆ ಉಂಡೆ ತೆಗೆದು ಬಾಯಿಗೆ ಹಾಕಿಕೊಂಡರು. ಸದ್ದಿಲ್ಲ. ಗಂಡನಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿದೆ.

ಪಕ್ಕದ ಕೋಣೆಯಲ್ಲಿ ಮಷೀನು ಕೂಗಿತು. ದಾದಿ "ನಂದೇ" ಎಂದು ಎದ್ದು ಹೋಗಿ, ಬಟ್ಟೆ ತೆಗೆದು, ನೆಲ ಒರೆಸಿ, ಹೊತ್ತಿಗೆ ಏಳು ನಿಮಿಷ ಮುಂಚೆಯೇ ಬೀಗ ತೆರವು ಮಾಡಿ ಬಂದು ಕೂತರು. ಎಲ್ಲರೂ ಅದನ್ನು ಗಮನಿಸಿದರು. ಆಕೆಗೂ ಎಲ್ಲರೂ ಗಮನಿಸಿದ್ದು ಬೇಕಿತ್ತು ಎಂದು ಕಾಣುತ್ತದೆ.

ಇಷ್ಟಾದ ಮೇಲೆ, ಮುಗಿಸುವ ಮುನ್ನ, ತಟ್ಟೆಯ ಕೆಳಗಿನಿಂದ ಪಟ್ಟಿ ತೆಗೆದು ಮೊದಲ ಪ್ರಶ್ನೆಯನ್ನು ಕೇಳಿದೆ. ಹೊಸ ದೇಶಗಳು ಒಕ್ಕೂಟಕ್ಕೆ ಸೇರುವುದರ ಬಗ್ಗೆ ಏನನ್ನಿಸುತ್ತದೆ?

ಉಕ್ಕಿನವರು ಗಹಗಹಿಸಿ ನಕ್ಕರು. "ಇಷ್ಟು ಹೊತ್ತು ಅದನ್ನೇ ತಾನೆ ಮಾತಾಡಿದ್ದು? ನಾವು ಸೇರೋವಾಗ ಊರೂರಲ್ಲಿ ವೋಟು ಹಾಕಿಸಿದ್ರು. ನಾನು ಬೇಡ ಅಂತ ಹಾಕಿದ್ದೆ. ಈಗ ಒಳಗಿದ್ದೀನಿ, ಬಾಗಿಲು ಹಿಡ್ಕೊಂಡು ನಿಂತಿರೋನೂ ನಾನೇ." ಆಮೇಲೆ ದಾದಿಯತ್ತ ತಿರುಗಿ, ಸುಮ್ಮನೆ ಕೇಳುವಂತೆ ಕೇಳಿದರು: "ನಿಮ್ಮ ದೇಶಾನೂ ಸಾಲಲ್ಲಿದೆ ಅಲ್ವಾ? ಎಷ್ಟು ವರ್ಷ ಆಯ್ತು?"

ದಾದಿ ಉತ್ತರಿಸಲಿಲ್ಲ.

ಆಕೆಯ ಮುಖದಿಂದ ಉಸ್ತುವಾರಿಯ ಬಿಗಿ ಇಳಿದಿತ್ತು. ಮೂರು ತಿಂಗಳು, ಜಾಲರಿ, ತಪ್ಪಿದರೆ ಮುಂದಕ್ಕೆ ಎಂದು ತಾವೇ ಹೇಳಿದ್ದು ಅವರಿಗೆ ಆಗ ಕೇಳಿಸುತ್ತಿತ್ತು ಎಂದು ನನಗನ್ನಿಸಿತು. ಪಾಪ, ನಾನು ಕರೆದು ಕೂರಿಸಿದವರು ನೊಂದುಕೊಂಡರು, ಏನಾದರೂ ಹೇಳಬೇಕು. ತಗೊಳ್ಳಿ, ಇನ್ನೊಂದು ತಗೊಳ್ಳಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ನನ್ನ ಬಲಗೈ ಆಗಲೇ ತಟ್ಟೆಯ ಅಂಚಿಗೆ ಹೋಗಿತ್ತು. ಅದನ್ನು ಎಳೆದುಕೊಂಡೆ. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತೆ. ಹುಟ್ಟಿದಾಗಿನಿಂದ ಕಲಿತದ್ದರ ವಿರುದ್ಧ ಮೈಯೆಲ್ಲ ಬಿಗಿಹಿಡಿದು ಕೂರುವುದು ಅಷ್ಟು ಸುಲಭವಲ್ಲ. ಗೋಡೆಯಾಚೆ ಯಾವುದೋ ಪೈಪಿನಲ್ಲಿ ನೀರು ಇಳಿಯುತ್ತಿತ್ತು. ಯಾರೂ ಯಾರನ್ನೂ ನೋಡಲಿಲ್ಲ.

"ಇಪ್ಪತ್ತು ವರ್ಷ ದಾಟ್ತು" ಎಂದರು ದಾದಿ ಕೊನೆಗೆ. "ಒಂದೊಂದು ಸಲ ಒಂದೊಂದು ಪಟ್ಟಿ ಕೊಡ್ತಾರೆ. ಇದನ್ನ ಸರಿ ಮಾಡಿ, ಅದನ್ನ ಸರಿ ಮಾಡಿ. ಮಾಡ್ತೀವಿ. ಹೆಸರು ಸರಿಯಿಲ್ಲ ಅಂದ್ರು, ದೇಶದ ಹೆಸರನ್ನೇ ಬದಲಾಯಿಸಿದ್ವಿ. ನಿಮ್ಮಲ್ಲಿ ಯಾರಾದ್ರೂ ಒಂದು ಕೋಣೆಗೆ ಸೇರೋದಕ್ಕೆ ಮನೆಯ ಹೆಸರು ಬದಲಾಯಿಸ್ತೀರಾ? ಆಮೇಲೆ ಇನ್ನೊಂದು ಪಟ್ಟಿ ಬಂತು." ಸ್ವಲ್ಪ ತಡೆದು ಹಲಗೆಯ ಕಡೆ ಕೈ ತೋರಿಸಿದರು. "ನಿಯಮ ಇರಬಾರದು ಅಂತ ನಾನು ಹೇಳಲ್ಲ. ನಾನು ಎಂಥವಳು ಅಂತ ನಿಮಗೆ ಗೊತ್ತು. ಆದ್ರೆ ಇಲ್ಲಿ ಬಟ್ಟೆ ಒಗೆಯೋದಕ್ಕೂ ಒಂದು ದಿನ, ಒಂದು ಗಂಟೆ ಅಂತ ಕೊಡ್ತೀವಿ. ನನ್ನ ದೇಶಕ್ಕೆ ಯಾರೂ ಒಂದು ದಿನ ಕೊಟ್ಟಿಲ್ಲ."

ಉಕ್ಕಿನವರು ಅಂಗೈಯಿಂದ ಮೇಜನ್ನು ಒಮ್ಮೆ ಸವರಿದರು. ಆಮೇಲೆ ಎದ್ದು ಹೋಗಿ ನೋಟೀಸಿನ ಕೆಳಗೆ ಪೆನ್ಸಿಲ್ಲಿನಿಂದ ಏನೋ ಬರೆದು ಬಂದರು. ಅಡುಗೆಮನೆಯವರು ಎದ್ದು ನೋಡಿ ಎಲ್ಲರಿಗೂ ಓದಿ ಹೇಳಿದರು: ಮೂರು ಕಟ್ಟಡಗಳಿಗೆ ಬೀಗ, ಸೆಪ್ಟೆಂಬರಿನ ಮೊದಲ ಸೋಮವಾರದಿಂದ. ನಿಯಮಗಳನ್ನು ದಾದಿ ಹೇಳಿಕೊಡುತ್ತಾರೆ.

"ಆರು ತಿಂಗಳು ಅಂದಿದ್ರಿ?" ದಾದಿ ಕೇಳಿದರು.

"ಅಂದಿದ್ದೆ" ಎಂದರು ಉಕ್ಕಿನವರು. "ಸೋಪಿನ ಪುಡಿ ವಿಷಯ ಮಾತ್ರ ಮೊದಲ ದಿನಾನೇ ಹೇಳ್ಬಿಡಿ."

ಎಂಟೂ ಜನ ಆ ಸಾಲಿನ ಕೆಳಗೆ ಸಹಿ ಹಾಕಿದರು. ತಟ್ಟೆಯಲ್ಲಿ ಕೊನೆಗೊಂದು ಉಂಡೆ ಉಳಿದಿತ್ತು. ಈ ದೇಶದಲ್ಲಿ ಕೊನೆಯ ತುಂಡನ್ನು ಯಾರೂ ಮುಟ್ಟುವುದಿಲ್ಲ, ಅದು ಒಣಗಿ ಹೋದರೂ ಸರಿಯೇ. ರೆಕಾರ್ಡರು ನಿಲ್ಲಿಸಿದ ಮೇಲೆ, ಈಗ ನನ್ನನ್ನು ಯಾರು ತಡೆಯುತ್ತಾರೆ ಎಂದು ಅದನ್ನು ಎತ್ತಿ ದಾದಿಯ ಕೈಗೇ ಇಟ್ಟೆ. ಬೇಡ ಬೇಡ ಎಂದರು. ಎರಡನೆಯ ಸಲ ಹೇಳಿದೆ, ತೆಗೆದುಕೊಂಡರು. "ನಮ್ಮೂರಲ್ಲೂ ಹಿಂಗೇ. ಮೊದಲನೇ ಸಲಕ್ಕೆ ತಗೊಂಡ್ರೆ ಮರ್ಯಾದೆ ಅಲ್ಲ" ಎಂದು ಕಣ್ಣು ಮಿಟುಕಿಸಿದರು.

ವಾಪಸು ಬಂದವಳು ಒಂದು ವಾರ ಕೂತು ಅಕ್ಷರಕ್ಕಿಳಿಸಿದೆ. ನಲವತ್ತೊಂದು ಪುಟವಾಯಿತು. ಪ್ರಶ್ನೆಪಟ್ಟಿ ಬಿಟ್ಟದ್ದು ಯಾಕೆ, ಯಾವ ನಿಮಿಷದಲ್ಲಿ ಬಿಟ್ಟೆ, ಅದರಿಂದ ಏನು ಕಳೆದುಕೊಂಡೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಎರಡು ಪುಟ ಬರೆದು ಮೇಲಿಟ್ಟೆ. ಗೋಥೆನ್‌ಬರ್ಗಿನ ಹದಿನಾಲ್ಕು ಉಪಚಾರಗಳನ್ನೂ ನಿಮಿಷದ ಸಮೇತ ಪಟ್ಟಿಮಾಡಿ ಸೇರಿಸಿದೆ. ಮಾರ್ಗದರ್ಶಕಿ ಪುಟಗಳನ್ನು ಓದಿದ ಮೇಲೆ ಧ್ವನಿಮುದ್ರಣವನ್ನೂ ಕೇಳಬೇಕೆಂದರು. ಇಬ್ಬರೂ ಅವರ ಕೋಣೆಯಲ್ಲಿ ಕೂತು ಕೇಳಿದೆವು. ಉಕ್ಕಿನವರ ಪ್ರಶ್ನೆ ಬಂತು. ಆಮೇಲೆ ಏನೂ ಇಲ್ಲ. ನನ್ನ ಪುಟದಲ್ಲಿ ಆ ಜಾಗದಲ್ಲಿ "ಮೌನ, ಹತ್ತೊಂಬತ್ತು ಸೆಕೆಂಡು" ಎಂದಿತ್ತು. ಅವರು ಮುದ್ರಣ ನಿಲ್ಲಿಸಲಿಲ್ಲ, ಮುಂದಕ್ಕೂ ಓಡಿಸಲಿಲ್ಲ. ಹತ್ತೊಂಬತ್ತು ಸೆಕೆಂಡೂ ಕೇಳಿದರು.

"ಆಗ ನೀನೇನು ಮಾಡುತ್ತಿದ್ದೆ?"

"ಕೈಗಳ ಮೇಲೆ ಕೂತಿದ್ದೆ."

ಅವರು ಕನ್ನಡಕ ತೆಗೆದರು. ಒರೆಸಲಿಲ್ಲ. "ಮೊದಲೆರಡನ್ನೂ ಬಿಸಾಡಬೇಡ. ಯಾಕೆ ಅಲ್ಲಿ ಮಾತು ಬರಲಿಲ್ಲ, ಇಲ್ಲಿ ಬಂತು, ಅದನ್ನೇ ಅಧ್ಯಾಯ ಮಾಡು. ಇದು ಚೆನ್ನಾಗಿದೆ." ನಾಲ್ಕು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದರೆ ಅವನು ಕೇಳಿದ್ದು ಒಂದೇ: "ಅಕ್ನಾಲೆಜ್‌ಮೆಂಟಲ್ಲಿ ರವೆ ಉಂಡೆ ಐಡಿಯಾ ಯಾರದ್ದು ಅಂತ ಹಾಕ್ತೀಯ ತಾನೆ?" ಹಾಕಿದ್ದೇನೆ.

ಅಧ್ಯಾಯ ಬರೆಯುವಾಗ ಪ್ರತಿಯೊಬ್ಬರ "ನಾವು" ಯಾರನ್ನು ಒಳಗೊಂಡಿದೆ ಎಂದು ಅಂಚಿನಲ್ಲಿ ಗುರುತು ಹಾಕುತ್ತಾ ಹೋಗುವುದು ನಮ್ಮ ಕ್ರಮ. ಕಟ್ಟಡದವರು, ಬಡಾವಣೆಯವರು, ದೇಶದವರು, ಒಕ್ಕೂಟದವರು, ಹೀಗೆ. ಆ ಕೆಲಸ ಮುಗಿಯುವ ಹೊತ್ತಿಗೆ ಸೆಪ್ಟೆಂಬರ್ ಬಂದಿತ್ತು. ಮೊದಲ ಸೋಮವಾರ ಮಧ್ಯಾಹ್ನ ದಾದಿಯಿಂದ ಒಂದು ಫೋಟೋ ಬಂತು. ಅದೇ ಹಲಗೆ. ಹಳೆಯ ಬೀಗಗಳ ನಡುವೆ ಮೂರು ಕಟ್ಟಡಗಳ ಹೊಸ ಬೀಗಗಳು ಮಿನುಗುತ್ತಿದ್ದವು, ಆಗಲೇ ಶನಿವಾರದ ಒಳ್ಳೆಯ ಹೊತ್ತೊಂದನ್ನು ಯಾರೋ ಹೊಡೆದುಕೊಂಡಿದ್ದರು. ಫೋಟೋ ದೊಡ್ಡದು ಮಾಡಿ ನೋಡಿದೆ. ಹಲಗೆಯ ಮೂಲೆಯಲ್ಲಿ, ಯಾವ ದಿನದ ಸಾಲಿಗೂ ಸೇರದ ಒಂದು ಕೊಕ್ಕೆಯಲ್ಲಿ, ಇನ್ನೊಂದು ಬೀಗ ಒಂಟಿಯಾಗಿ ನೇತಾಡುತ್ತಿತ್ತು. ಅದರ ಮೇಲೆ ಮನೆಯ ನಂಬರಿರಲಿಲ್ಲ. ಅಚ್ಚುಕಟ್ಟಾದ ಅಕ್ಷರಗಳಲ್ಲಿ ಆಕೆಯ ದೇಶದ ಹೆಸರು ಕೊರೆದಿತ್ತು.

ಕೆಳಗೆ ದಾದಿ ಬರೆದಿದ್ದರು: "ನಮ್ಮ ಉಕ್ಕಿನ ಮನುಷ್ಯ ಮನೆಯಲ್ಲಿರೋ ಲೇತ್ ಮಷೀನಿಗೆ ಕೊಟ್ಟು ಮಾಡಿ ತಂದಿದ್ದಾನೆ. ಎಲ್ಲಿ ಹಾಕೋದು ಅಂತ ಕೇಳಿದೆ. 'ಈಗ ಇಲ್ಲೇ ಇರ್ಲಿ, ದಿನ ಗೊತ್ತಾದ ಕೂಡ್ಲೇ ನಾವೇ ಆ ಸಾಲಿಗೆ ಹಾಕ್ತೀವಿ' ಅಂದ."

ಅಂಚಿನಲ್ಲಿ ಗುರುತು ಹಾಕುವ ಪೆನ್ಸಿಲ್ ಕೈಯಲ್ಲೇ ಇತ್ತು. ಆ "ನಾವೇ" ಯಾವ ಪಟ್ಟಿಗೆ ಸೇರುತ್ತದೆ ಎಂದು ಬಹಳ ಹೊತ್ತು ನೋಡುತ್ತಾ ಕೂತೆ. ಆಮೇಲೆ ಪೆನ್ಸಿಲ್ ಕೆಳಗಿಟ್ಟೆ.